ಸದ್ದು ಹೆಚ್ಚಿಸುವ ಸಾಧನ

ಚೆನ್ನೈ
12 ಜನವರಿ 2019

ಪೂಜ್ಯ ಅಪ್ಪಾಜಿಯವರಿಗೆ ನಿಮ್ಮ ಮಗಳು ಅನಘಾ ಮಾಡುವ ಶರಣು.

ಫೋನ್ ಮಾಡಿದರೆ ನೀವು ಕಿವಿಗಿಟ್ಟುಕೊಂಡು ‘ಹ್ಞೂ, ಹ್ಞೂ’ ಎಂದು ಅಮ್ಮನ ಕೈಗೆ ದಾಟಿಸುತ್ತೀರಿ. ಮೆಸೇಜ್ ಕಳಿಸಿದರೆ, ತಾರೀಖು ಸಹಿ ಇಲ್ಲದ್ದನ್ನು ನಾನು ಓದುವುದಿಲ್ಲ ಎನ್ನುತ್ತೀರಿ. ಆದ್ದರಿಂದ ಎಂದಿನಂತೆ ಕಾಗದ. ಈ ಸಲ ಬರೀ ಕ್ಷೇಮ ಸಮಾಚಾರವಲ್ಲ, ಕೆಲಸದ ಮಾತಿದೆ.

ಗಿರಿ ನಿಮಗೆ ಹೇಳಿರಲಾರ. ಒಂದೇ ಮನೆಯಲ್ಲಿದ್ದೂ ತಂದೆ ಮಗ ಮಾತಾಡುವುದು ಅಮ್ಮನ ಮೂಲಕ ತಾನೇ? ಅವನು ವಿಜಯನಗರದ ಮೊಬೈಲ್ ಅಂಗಡಿಯನ್ನು ಮಾರಿ, ಬಂದದ್ದನ್ನೆಲ್ಲ ಒಂದು ಸರಕಿಗೆ ಹಾಕಿದ್ದಾನೆ. ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರ. ಹೊರದೇಶದಿಂದ ಹಡಗಿನಲ್ಲಿ ಇಲ್ಲಿನ ಬಂದರಿಗೆ ಬರುತ್ತದೆ. ಕೆಂಗೇರಿ ಉಪನಗರದ ಹಿರಿಯರ ಸಂಘವೊಂದು ತನ್ನ ಸದಸ್ಯರಿಗೆಲ್ಲ ಬೇಕು ಎಂದಿದೆ. ಹೇರೋಹಳ್ಳಿ ಕಡೆಯ ಮೆಡಿಕಲ್ ಅಂಗಡಿಗಳಿಗೂ ಬೆಲೆ ಹೇಳಿಬಿಟ್ಟಿದ್ದಾನೆ. ಸರಕು ಶ್ರವಣ ಸಾಧನವೆಂದು ಪಾಸಾಗುತ್ತದೆ ಎಂಬ ಧೈರ್ಯದ ಮೇಲೆ ಹೇಳಿದ ಬೆಲೆ ಅದು.

ನಿಮಗೆ ವಿವರಿಸಬೇಕಿಲ್ಲ. ಶ್ರವಣ ಸಾಧನಕ್ಕೆ ಸುಂಕದಲ್ಲಿ ರಿಯಾಯಿತಿ ಇದೆ. ಬರೀ ಸದ್ದು ಹೆಚ್ಚಿಸುವ ಯಂತ್ರವಾದರೆ ಅದು ಹೆಡ್‌ಫೋನು, ಸ್ಪೀಕರುಗಳ ಸಾಲಿಗೆ ಸೇರುತ್ತದೆ. ಪೂರ್ತಿ ಸುಂಕ ಕಟ್ಟಬೇಕು. ಆಗ ಅವನು ಹೇಳಿದ ಬೆಲೆಗೆ ಮಾರಲಾರ. ಅಂಗಡಿಯೂ ಹೋಯಿತು, ವ್ಯಾಪಾರವೂ ಹೋಯಿತು. ಹಾಗೆಂದು ಸುಳ್ಳು ಘೋಷಿಸಿ ಸಿಕ್ಕಿಬಿದ್ದರೆ ಸರಕೇ ಜಪ್ತಿಯಾಗುತ್ತದೆ. ಅವನ ಕಸ್ಟಮ್ಸ್ ಏಜೆಂಟಾಗಿ ಘೋಷಣೆಗೆ ಸಹಿ ಹಾಕುವವಳು ನಾನು. ಕಷ್ಟಪಟ್ಟು ಪರೀಕ್ಷೆ ಬರೆದು ಪಡೆದ ನನ್ನ ಲೈಸೆನ್ಸಿಗೂ ಕುತ್ತು.

ಯಾವ ವಸ್ತು ಯಾವ ಸಾಲಿಗೆ ಸೇರಬೇಕು ಎಂದು ನಿರ್ಧರಿಸುವುದರಲ್ಲೇ ನಿಮ್ಮ ಕಸ್ಟಮ್ಸ್ ನೌಕರಿ ಕಳೆಯಿತು. ಈ ಕೆಲಸ ನನಗೆ ಕಲಿಸಿದವರೂ ನೀವೇ. ಸ್ಯಾಂಪಲ್ ಕೊರಿಯರಿನಲ್ಲಿ ಗಿರಿಯ ಕೈ ಸೇರಿದೆ. ನೋಡಿ ನಿಮ್ಮ ಅಭಿಪ್ರಾಯ ಬರೆಯಿರಿ. ಹಡಗು ಬರುವಷ್ಟರಲ್ಲಿ ನನಗೆ ಅದು ಬೇಕು.

ಅಮ್ಮ ಫೋನಿನಲ್ಲಿ ಯಾಕೋ ಸೋತವಳ ಹಾಗೆ ಮಾತಾಡಿದಳು. ಕೇಳಿದರೆ ನೆಗಡಿ ಎಂದಳು. ನೋಡಿಕೊಳ್ಳಿ.

ನಿಮ್ಮ ಮಗಳು,
ಅನಘಾ


ಆರ್‌ಪಿಸಿ ಲೇಔಟ್, ಬೆಂಗಳೂರು
24 ಜನವರಿ 2019

ಚಿರಂಜೀವಿ ಅನಘಾಳಿಗೆ ಆಶೀರ್ವಾದ.

ಕಾಗದ ತಲುಪಿತು. ಸ್ಯಾಂಪಲ್ಲನ್ನೂ ನೋಡಿದೆ. ಪೆಟ್ಟಿಗೆಯನ್ನು ಬೋರಲು ಹಾಕಿಯೇ ನೋಡಿದೆನೆಂದು ಬೇರೆ ಹೇಳಬೇಕಿಲ್ಲ. ನೀವು ಚಿಕ್ಕವರಿದ್ದಾಗ ಮನೆಗೆ ಹೊಸ ಸಾಮಾನು ಏನೇ ಬಂದರೂ ನಾನು ಹಾಗೆ ಮಾಡುತ್ತಿದ್ದೆ, ನೀನೂ ಗಿರಿಯೂ ನಗುತ್ತಿದ್ದಿರಿ. ಪೆಟ್ಟಿಗೆಯ ಮೇಲೆ ಬರೆದಿರುವುದು ಮಾರುವವನ ಆಸೆ. ವಸ್ತುವನ್ನು ಕೈಗೆ ತೆಗೆದುಕೊಂಡು ಕೇಳಬೇಕು: ನೀನು ಏನು, ಯಾವುದರಿಂದ ಆಗಿದ್ದೀಯ, ಏನು ಮಾಡುತ್ತೀಯ? ಯಾರಿಗೆ ಎಷ್ಟು ಬೇಕಾಗಿದೆ ಎಂಬುದು ನಮಗೆ ಸೇರಿದ್ದಲ್ಲ.

ಹೊರಕವಚ ಪ್ಲಾಸ್ಟಿಕ್. ಒಳಗೆ ಮೈಕು, ಸದ್ದು ಏರಿಸುವ ಭಾಗ, ಕಿವಿಗೆ ತಲುಪಿಸುವ ನಳಿಕೆ. ತಿರುಗಿಸಲು ಒಂದು ಸಣ್ಣ ಚಕ್ರ. ಗಿರಿರಾಜ ಪಕ್ಕದಲ್ಲೇ ಕುಳಿತಿದ್ದ. ಅವನು ಬ್ಯಾಂಕಿನ ಕೆಲಸ ಬಿಟ್ಟು ಅಂಗಡಿ ಹಾಕಿದಾಗ ನಾನು ಆಡಬಾರದ್ದನ್ನು ಆಡಿದ್ದೆ. ಆಮೇಲೆ ನನ್ನ ಪಕ್ಕ ಹೀಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವನಲ್ಲ. ಈ ಸಲ ಅವನೇ ನನ್ನ ಕೂದಲು ಸರಿಸಿ, ಕಿವಿಗೆ ಸಿಕ್ಕಿಸಿದ. ಬೆರಳು ತಣ್ಣಗಿತ್ತು. ಅವನ ತುಟಿ ‘ಕೇಳಿಸ್ತಿದ್ಯಾ ಅಪ್ಪಾಜಿ?’ ಎಂದಿತು. ಹೌದು ಎಂದೆ. ಮಗುವಿನ ಹಾಗೆ ನಕ್ಕ.

ಏನೇನು ಕೇಳಿಸಿತು ಗೊತ್ತೇ? ಕುಕ್ಕರಿನ ಸೀಟಿ. ಮಹಡಿಯ ಮೇಲೆ ಪಂಕಜಾ ಅವರ ಮಿಕ್ಸಿ. ತಿರುವಿನಲ್ಲಿ ಆಟೋದವನ ಹಾರನ್ನು. ಬಚ್ಚಲಿನಲ್ಲಿ ನಲ್ಲಿ ನೀರು ಬಕೆಟ್ಟಿಗೆ ಬೀಳುವ ಸದ್ದು ಕೇಳಿ, ಮುಚ್ಚಿಡುವುದೇಕೆ, ಕಣ್ಣು ತುಂಬಿ ಬಂತು. ಆ ಸದ್ದು ಲೋಕದಲ್ಲಿದೆ ಎಂಬುದನ್ನೇ ಮರೆತಿದ್ದೆ.

ಅಭಿಪ್ರಾಯ: ಶ್ರವಣ ಸಾಧನ. ಹಾಗೆಯೇ ಘೋಷಿಸಬಹುದು.

ನಿನ್ನ ಅಮ್ಮನಿಗೆ ನೆಗಡಿಯೇನೂ ಕಾಣಲಿಲ್ಲ. ಎಂದಿನಂತೆ ಓಡಾಡಿಕೊಂಡಿದ್ದಾಳೆ.

ಶಂಭುಲಿಂಗಪ್ಪ
ನಿವೃತ್ತ ಅಪ್ರೈಸರ್, ಕಸ್ಟಮ್ಸ್


ಚೆನ್ನೈ
3 ಫೆಬ್ರವರಿ 2019

ಅಪ್ಪಾಜಿಗೆ ಶರಣು.

ನಲ್ಲಿ ನೀರಿನ ಮಾತು ಓದಿ ಆಫೀಸಿನಲ್ಲೇ ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಬಂದು ಕಾಗದವನ್ನು ಮತ್ತೆ ಓದಿದೆ. ನೀವು ಹೇಳಿಕೊಟ್ಟ ಹಾಗೆ, ಮೇಲಿನ ಹೆಸರನ್ನು ಬಿಟ್ಟು ಒಳಗಿನ ವಿವರ ಓದಿದೆ.

ಬೇಜಾರು ಮಾಡಿಕೊಳ್ಳಬೇಡಿ. ಕುಕ್ಕರು, ಮಿಕ್ಸಿ, ಹಾರನ್ನು, ನಲ್ಲಿ. ನಿಮಗೆ ಕೇಳಿಸಿದ್ದರಲ್ಲಿ ಒಬ್ಬ ಮನುಷ್ಯನ ಮಾತೂ ಇಲ್ಲ. ಗಿರಿ ಹೇಳಿದ ಎಂದು ಬರೆದಿಲ್ಲ, ಗಿರಿಯ ತುಟಿ ಹೇಳಿತು ಎಂದು ಬರೆದಿದ್ದೀರಿ.

ಕಿವುಡುತನವನ್ನು ನೀಗಿಸುವುದಕ್ಕೆಂದೇ ಆದದ್ದು ಮಾತ್ರ ಶ್ರವಣ ಸಾಧನ ಎಂದು ನೀವೇ ನನಗೆ ಪಾಠ ಹೇಳಿದ್ದು. ಸಭೆಯಲ್ಲಿ ಮಾತು ಜೋರಾಗಿ ಕೇಳಲಿ ಎಂದು ಇಟ್ಟುಕೊಳ್ಳುವ ಯಂತ್ರಗಳು ಆ ಸಾಲಿಗೆ ಬರುವುದಿಲ್ಲ. ಈ ಯಂತ್ರವನ್ನು ಒಬ್ಬೊಬ್ಬರ ಕಿವಿಯ ದೋಷಕ್ಕೆ ತಕ್ಕಂತೆ ಹೊಂದಿಸಲು ಬರುತ್ತದೆಯೇ? ಅಥವಾ ಬೇಕಾದದ್ದು ಬೇಡವಾದದ್ದು ಎಲ್ಲವನ್ನೂ ಒಂದೇ ಸಮ ಎತ್ತಿ ಕೊಡುತ್ತದೆಯೇ? ತಯಾರಿಸಿದವರನ್ನು ಕೇಳಿದರೆ ಬರೀ ಬಣ್ಣದ ಚಿತ್ರ ಕಳಿಸುತ್ತಾರೆ.

ಒಂದು ಉಪಕಾರ ಮಾಡಿ. ಅದನ್ನು ಹಾಕಿಕೊಂಡು ಕುಳಿತುಕೊಳ್ಳಿ. ಅಮ್ಮ ನಿಮ್ಮ ಬೆನ್ನ ಹಿಂದೆ ನಿಂತು, ಕೂಗದೆ, ಮಾಮೂಲಿ ದನಿಯಲ್ಲಿ ಏನಾದರೂ ಹೇಳಲಿ. ಅವಳು ಹೇಳಿದ್ದೇನೆಂದು ನನಗೆ ಬರೆಯಿರಿ. ಒಂದೇ ವಾಕ್ಯ ಸಾಕು.

ಗಿರಿ ದಿನವೂ ಫೋನ್ ಮಾಡುತ್ತಾನೆ. ‘ಅಪ್ಪಾಜಿಗೇ ಕೇಳಿಸ್ತು ಅಕ್ಕಾ, ಇನ್ನೇನ್ ಬೇಕು ನಿಂಗೆ?’ ಎನ್ನುತ್ತಾನೆ. ಅವನಿಗೆ ಹೇಗೆ ಹೇಳಲಿ?

ನಿಮ್ಮ,
ಅನಘಾ


ಆರ್‌ಪಿಸಿ ಲೇಔಟ್
11 ಫೆಬ್ರವರಿ 2019

ಅನಘಾಳಿಗೆ ಆಶೀರ್ವಾದ.

ಅಪ್ಪನ ಕಾಗದವನ್ನೇ ಭೂತಗನ್ನಡಿ ಹಿಡಿದು ತಪಾಸಣೆ ಮಾಡುವಷ್ಟು ದೊಡ್ಡವಳಾದೆ. ಸಂತೋಷ.

ನಿನ್ನ ಪರೀಕ್ಷೆಗೆ ನಾನು ಕೂರಬೇಕಾಗಿ ಬರಲಿಲ್ಲ. ಮೊನ್ನೆ ನಾನು ಯಂತ್ರ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಪೇಪರ್ ಓದುತ್ತಿದ್ದಾಗ ನಿನ್ನ ಅಮ್ಮನೇ ಮಾತು ತೆಗೆದಳು. ಬೆನ್ನು ಮಾಡಿ ನಿಂತು, ಪಾತ್ರೆ ಒರೆಸುತ್ತಾ, ಬಹಳ ಹೊತ್ತು ಮಾತಾಡಿದಳು. ಕೇಳಿದೆ. ಕಡೆಗೆ ತಿರುಗಿ ನನ್ನ ಮುಖ ನೋಡಿದಳು. ‘ಆಗ್ಲಿ ಬಿಡು’ ಎಂದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗಂಡನಿಗೆ ಕೂಗದೆ ಮಾತಾಡಬಹುದಾಯಿತಲ್ಲ, ಅದರ ಸಂತೋಷ.

ಏನು ಹೇಳಿದಳೆಂದು ನಿನಗೆ ವರದಿ ಒಪ್ಪಿಸಬೇಕಿಲ್ಲ. ಅದು ಗಂಡ ಹೆಂಡಿರ ಮಾತು.

ಗಿರಿರಾಜ ಈಗ ರಾತ್ರಿಯ ಊಟಕ್ಕೆ ನಮ್ಮ ಜೊತೆಗೇ ಕೂರುತ್ತಾನೆ. ನನ್ನ ತಟ್ಟೆಗೆ ತಾನೇ ರೊಟ್ಟಿ ಹಾಕುತ್ತಾನೆ. ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ.

ಶಂಭುಲಿಂಗಪ್ಪ


ಆರ್‌ಪಿಸಿ ಲೇಔಟ್
24 ಫೆಬ್ರವರಿ 2019

ಮುದ್ದಿನ ಮಗಳು ಅನೂಗೆ ನಿನ್ನ ಅಮ್ಮ ಬಸವರಾಜೇಶ್ವರಿ ಮಾಡುವ ಆಶೀರ್ವಾದ.

ನಾನು ಕಾಗದ ಬರೆದದ್ದು ನೋಡಿ ಗಾಬರಿಯಾಗಬೇಡ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ.

ದೀಪಾವಳಿ ಆದ ಮೇಲೆ ನನ್ನ ಎಡಗಡೆಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಹೋಗಲಿ ಎಂದು ಸುಮ್ಮನಿದ್ದೆ. ಸಂಕ್ರಾಂತಿ ಹೊತ್ತಿಗೆ ದೊಡ್ಡದಾಗಿತ್ತು. ಬಸವೇಶ್ವರನಗರದಲ್ಲಿ ಡಾಕ್ಟರ್ ಸುವರ್ಣಾ ಅಂತ ಇದ್ದಾರೆ, ತರಕಾರಿ ತರುವ ನೆಪದಲ್ಲಿ ಹೋಗಿ ತೋರಿಸಿದೆ. ಅವರು, ‘ಅಮ್ಮಾ, ತಡ ಮಾಡ್ಬೇಡಿ, ಮನೆಯವ್ರನ್ನ ಕರ್ಕೊಂಡು ದೊಡ್ಡಾಸ್ಪತ್ರೆಗೆ ಹೋಗಿ’ ಎಂದರು. ಚೀಟಿಯನ್ನೂ ಬರೆದುಕೊಟ್ಟರು.

ನಿಮ್ಮಪ್ಪನಿಗೆ ಹೇಗೆ ಹೇಳುವುದು ಕಣೇ? ಇಷ್ಟು ವರ್ಷದಿಂದ ಅವರಿಗೆ ಎಲ್ಲವನ್ನೂ ಕೂಗಿಯೇ ಹೇಳಿದ್ದೇನೆ. ಉಪ್ಪು ಸರಿಯಾಗಿದೆಯಾ ಎಂದು ಕೇಳಿದರೆ ಪಂಕಜಾ ಮಹಡಿಯಿಂದ ಸರಿಯಾಗಿದೆ ಅಂತಾಳೆ. ಇಂಥ ಮಾತನ್ನು ಕೂಗಿ ಹೇಳೋಕಾಗುತ್ತದಾ? ಬರೆದು ಕೊಡೋಣ ಎಂದು ಪೆನ್ನು ಹಿಡಿದೆ. ನಿನಗೆ ಬರೆಯಲು ಬಂದ ಕೈ ಅವರಿಗೆ ಬರೆಯಲು ಬರಲಿಲ್ಲ.

ಗಿರಿ ಆ ಯಂತ್ರ ತಂದ ಮೇಲೆ ನಾನು ದೇವರಿಗೆ ಕೈ ಮುಗಿದೆ. ಅವರಿಗೆ ಕೇಳಿಸುತ್ತದೆ ಎಂದು ಧೈರ್ಯ ಮಾಡಿ ಒಂದು ದಿನ ಎಲ್ಲ ಹೇಳಿಬಿಟ್ಟೆ. ಮುಖ ನೋಡಿ ಹೇಳಲಾಗದೆ ಪಾತ್ರೆ ನೋಡಿಕೊಂಡು ಹೇಳಿದೆ. ಗಂಟು, ಡಾಕ್ಟರು, ಚೀಟಿ, ನನಗೆ ಭಯ ಆಗಿದೆ ಅನ್ನುವುದನ್ನೂ. ತಿರುಗಿ ನೋಡಿದರೆ ಮುಗುಳ್ನಕ್ಕು ‘ಆಗ್ಲಿ ಬಿಡು’ ಎಂದರು.

ಅವತ್ತಿಂದ ಒಂದು ಮಾತು ಎತ್ತಿಲ್ಲ. ಆಸ್ಪತ್ರೆಗೆ ಯಾವಾಗ ಹೋಗೋಣ ಎಂದು ಕೇಳಿಲ್ಲ. ಗಿರಿಯ ಸರಕು ಬಂದು, ದುಡ್ಡು ಕೈಸೇರಿದ ಮೇಲೆ ನೋಡೋಣ ಎಂದುಕೊಂಡಿದ್ದಾರೋ ಏನೋ. ಅವರು ಅಷ್ಟು ಕಲ್ಲಿನಂಥವರಲ್ಲ. ಆದರೂ ಆ ನಗುವನ್ನು ಮರೆಯೋಕಾಗುತ್ತಿಲ್ಲ. ನಾನು ಇನ್ನೂ ಕಾಯಬೇಕಾ, ನೀನೇ ಹೇಳು.

ನಿನ್ನ ಅಮ್ಮ


ಚೆನ್ನೈ
27 ಫೆಬ್ರವರಿ 2019

ಅಪ್ಪಾಜಿ,

ಕುಳಿತುಕೊಂಡು ಓದಿ.

ಹಡಗು ಬಂದಿದೆಯೆಂದು ಗಿರಿ ಇಲ್ಲಿಗೆ ಬಂದಿದ್ದ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಬೇರೆ ಯಾವ ದಾರಿಯಲ್ಲಿ ಹೇಳಿದರೂ ನೀವು ‘ಹ್ಞೂ’ ಎಂದು ತಲೆಯಾಡಿಸಿಬಿಡುತ್ತೀರಿ ಎಂಬ ಭಯ ನನಗೆ.

ಅಮ್ಮನ ಎದೆಯಲ್ಲಿ ಗಂಟಾಗಿದೆ. ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಡಾಕ್ಟರು ಹೇಳಿ ತಿಂಗಳಾಗಿದೆ. ಆವತ್ತು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಅವಳು ನಿಮಗೆ ಹೇಳಿದ್ದು ಇದನ್ನೇ. ನನಗೆ ಭಯ ಆಗಿದೆ ಎಂದಿದ್ದಳು. ನೀವು ನಕ್ಕು ‘ಆಗ್ಲಿ ಬಿಡು’ ಎಂದಿರಿ. ಅವಳು ನೀವು ಕೇಳಿಸಿಕೊಂಡಿರಿ ಎಂದೇ ನಂಬಿದ್ದಾಳೆ. ಕೇಳಿಸಿಕೊಂಡೂ ಸುಮ್ಮನಿದ್ದೀರಿ ಎಂದು ಒಳಗೊಳಗೇ ಕೊರಗುತ್ತಿದ್ದಾಳೆ.

ನನಗೆ ನಿಮ್ಮ ಮೇಲೆ ಕೋಪ ಬಂದಿದೆ, ಅಪ್ಪಾಜಿ. ಬರೆಯದೆ ಇರಲಾರೆ.

ನಾಳೆ ಘೋಷಣೆ ಸಲ್ಲಿಸುತ್ತೇನೆ. ಸದ್ದು ಹೆಚ್ಚಿಸುವ ಸಾಧನ ಎಂದೇ ಬರೆಯುತ್ತೇನೆ. ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ನಾನು ಸಹಿ ಹಾಕುತ್ತಿರುವುದು ಇದೇ ಮೊದಲು. ಗಿರಿಗೆ ಎರಡನ್ನೂ ಹೇಳಿದೆ, ಅಮ್ಮನ ವಿಷಯ ಮೊದಲು. ಜಗಳವಾಡುತ್ತಾನೆಂದು ಕಾದಿದ್ದೆ. ಗೋದಾಮಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ‘ಕೇಳಿಸ್ತು ಅಂದ್ರಲ್ಲ ಅಕ್ಕಾ. ನಾನೇ ಹಾಕಿದ್ದು ಕಿವಿಗೆ’ ಎಂದ. ಸುಂಕದ ವಿಷಯ ಎತ್ತಲೇ ಇಲ್ಲ. ನಾಳೆಯೇ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಈಗ ರೈಲಿಗೆ ಹೊರಟಿದ್ದಾನೆ. ಇಲ್ಲಿನ ಕೆಲಸ ಮುಗಿಸಿ ನಾನೂ ಬರುತ್ತೇನೆ.

ಅಷ್ಟರೊಳಗೆ ನೀವು ಅಮ್ಮನ ಹತ್ತಿರ ಮಾತಾಡಿ.

ಅನಘಾ


ಆರ್‌ಪಿಸಿ ಲೇಔಟ್
1 ಮಾರ್ಚ್ 2019

ಅನಘಾ,

ಗಿರಿರಾಜ ಕಾಗದ ಕೊಟ್ಟು ನಾನು ಓದಿ ಮುಗಿಸುವವರೆಗೂ ಎದುರಿಗೇ ನಿಂತಿದ್ದ. ತಲೆಯೆತ್ತಿ ಅವನ ಮುಖ ನೋಡುವುದು ನನ್ನಿಂದಾಗಲಿಲ್ಲ.

ಅಡುಗೆಮನೆಗೆ ಹೋದೆ. ಯಂತ್ರವನ್ನು ಕಿವಿಯಿಂದ ತೆಗೆದು ಕಟ್ಟೆಯ ಮೇಲಿಟ್ಟೆ. ಅವಳ ಬೆನ್ನ ಹಿಂದೆ ನಿಲ್ಲದೆ, ಎದುರಿಗೆ ಹೋಗಿ ನಿಂತು ಹೇಳಿದೆ, ‘ಆವತ್ತು ನೀನು ಹೇಳಿದ್ದು ನಂಗೆ ಕೇಳಿಸ್ಲಿಲ್ಲ ಕಣೇ. ಸದ್ದು ಬಂತು, ಮಾತು ತಿಳೀಲಿಲ್ಲ. ಕೇಳಿಸ್ದೋನ ಹಾಗೆ ನಟಿಸ್ದೆ. ಇನ್ನೊಂದ್ಸಲ ಹೇಳು.’

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ನನ್ನ ಕೈ ಹಿಡಿದು ಆ ಗಂಟಿನ ಮೇಲೆ ಇಟ್ಟಳು.

ವಸ್ತುವನ್ನು ಕೈಗೆ ತೆಗೆದುಕೊಳ್ಳದೆ ಮಾತಾಡಬಾರದು ಎಂದು ಎಷ್ಟು ಜನಕ್ಕೆ ಪಾಠ ಹೇಳಿದ್ದೇನೆ. ಹೆಂಡತಿಯ ವಿಷಯದಲ್ಲಿ ಬರೀ ಮುಖ ನೋಡಿ, ಸಂತೋಷ ಎಂದು ಬರೆದು ನಿನಗೆ ಕಳಿಸಿದೆ.

ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಮಗ ಪಕ್ಕದಲ್ಲಿ ಕುಳಿತಿದ್ದ. ಇಲ್ಲ ಎಂದರೆ ಎದ್ದು ಹೋಗುತ್ತಿದ್ದ. ಅವನು ಇನ್ನೊಂದಿಷ್ಟು ಹೊತ್ತು ಕೂತಿರಲಿ ಎನಿಸಿತು, ಅಷ್ಟೇ. ಒಮ್ಮೆ ಹೌದು ಎಂದ ಮೇಲೆ ಎಲ್ಲರಿಗೂ ಹೌದು ಎನ್ನಬೇಕಾಯಿತು. ಬೇರೆಯವರು ಹೀಗೆ ಬರೆದುಕೊಟ್ಟಿದ್ದರೆ ನಾನು ಸರಕು ಹಿಡಿದು ನಿಲ್ಲಿಸುತ್ತಿದ್ದೆ.

ಇಂದು ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಡಾಕ್ಟರು ಹೇಳಿದ್ದನ್ನೆಲ್ಲ ಗಿರಿರಾಜ ಒಂದು ಹಾಳೆಯ ಮೇಲೆ ಬರೆದು ಬರೆದು ನನಗೆ ತೋರಿಸಿದ. ಒಳ್ಳೆಯ ಮಾತುಗಳಲ್ಲ. ತಡವಾಗಿದೆ, ಆದರೆ ಕೈ ಮೀರಿಲ್ಲ ಎಂದಿದ್ದಾರೆ.

ನಿನ್ನ ಘೋಷಣೆಯೇ ಸರಿ. ನನ್ನ ಹಿಂದಿನ ಅಭಿಪ್ರಾಯವನ್ನು ವಾಪಸ್ ಪಡೆದಿದ್ದೇನೆ. ಬೇಗ ಬಾ ಮಗಳೇ.

ನಿನ್ನ ಅಪ್ಪ


ಬೆಂಗಳೂರು
22 ಜೂನ್ 2019

ಚಿರಂಜೀವಿ ಅನಘಾಳಿಗೆ ಆಶೀರ್ವಾದ.

ನೀನು ಚೆನ್ನೈಗೆ ವಾಪಸಾದ ಮೇಲೆ ಬರೆಯಲಾಗಿರಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಇವತ್ತು ನಿನ್ನ ಅಮ್ಮನಿಗೆ ಮತ್ತೆ ಔಷಧಿ ಏರಿಸುತ್ತಿದ್ದಾರೆ. ಆಪರೇಷನ್ನಿನ ಗಾಯ ಮಾಗಿದೆ. ಕೂದಲು ಪೂರ್ತಿ ಉದುರಿತು. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದ್ದಾಳೆ. ಮುಂದೆ ಹೇಗೆ ಎಂದು ಕೇಳಿದರೆ ಡಾಕ್ಟರು, ನೋಡೋಣ, ಇನ್ನೂ ಹೇಳೋಕಾಗಲ್ಲ ಎನ್ನುತ್ತಾರೆ. ಅವರ ಬಾಯಿಯಿಂದ ಈ ಉತ್ತರವನ್ನು ಸರಿಯಾಗಿ ಕೇಳಿಸಿಕೊಳ್ಳುವವರೆಗೂ ನಾನು ಜಾಗ ಬಿಟ್ಟು ಏಳಲಿಲ್ಲ.

ಗಿರಿರಾಜ ಪೂರ್ತಿ ಸುಂಕ ಕಟ್ಟಿ ಸರಕು ಬಿಡಿಸಿಕೊಂಡದ್ದು ನಿನಗೆ ಗೊತ್ತೇ ಇದೆ. ಕೆಂಗೇರಿಯ ಸಂಘದವರ ಮುಂದೆ ಅವನೇ ಹೋಗಿ ನಿಂತು, ‘ಸಾರ್, ಇದ್ರಲ್ಲಿ ಸದ್ದು ಜೋರಾಗುತ್ತೆ ಅಷ್ಟೇ. ಕಿವಿ ಕೇಳ್ಸಲ್ಲ ಅನ್ನೋರು ಡಾಕ್ಟ್ರಿಗೆ ತೋರಿಸ್ಬೇಕು’ ಎಂದನಂತೆ. ಅವರು ಆರ್ಡರ್ ವಾಪಸ್ ತೆಗೆದುಕೊಂಡರು. ಈಗ ರಾಜಾಜಿನಗರದಲ್ಲಿ ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದಾನೆ. ಸರಕಿನ ಡಬ್ಬಗಳು ನಮ್ಮ ನಡುಮನೆಯಲ್ಲಿ ಸೂರಿನವರೆಗೂ ಇವೆ. ಟೀವಿ ನೋಡುವುದಕ್ಕೆಂದು ಯಾರಾದರೂ ಕೇಳಿದರೆ ಒಂದೊಂದು ಕೊಡುತ್ತಾನೆ. ನನ್ನ ಮೇಲೆ ಅವನಿಗೆ ಸಿಟ್ಟಿದೆ. ಇರಬೇಕಾದದ್ದೇ. ಆದರೂ ರಾತ್ರಿ ಊಟಕ್ಕೆ ನನ್ನ ಪಕ್ಕದಲ್ಲೇ ಕೂರುತ್ತಾನೆ. ಸುಳ್ಳು ಹೇಳದೆ ಇದ್ದಿದ್ದರೂ ಕೂರುತ್ತಿದ್ದನೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ನನ್ನನ್ನು ಕಿವಿಯ ಪರೀಕ್ಷೆಗೆ ಕರೆದುಕೊಂಡು ಹೋದವನೂ ಅವನೇ. ಗಾಜಿನ ಕೋಣೆಯಲ್ಲಿ ಕೂರಿಸಿ, ಕೇಳಿಸಿದರೆ ಮಾತ್ರ ಗುಂಡಿ ಒತ್ತಿ ಎಂದರು. ಕೇಳಿಸದಾಗ ಕೈ ಕಟ್ಟಿಕೊಂಡು ಸುಮ್ಮನೆ ಕುಳಿತೆ. ಕೈ ಕಟ್ಟಿಕೊಂಡೇ ಇದ್ದದ್ದು ಹೆಚ್ಚು. ಈಗ ನನ್ನ ಕಿವಿಗೆಂದೇ ಹೊಂದಿಸಿದ ನಿಜವಾದ ಶ್ರವಣ ಸಾಧನ ಬಂದಿದೆ. ಅದರಲ್ಲೂ ಎಲ್ಲವೂ ಕೇಳುವುದಿಲ್ಲ. ಮಾತನ್ನು ಮತ್ತೆ ಕಲಿಯಲು ಸಮಯ ಬೇಕಂತೆ.

ಈಗಷ್ಟೇ ನಿನ್ನ ಅಮ್ಮ ಕಣ್ಣು ಬಿಟ್ಟು ಏನೋ ಅಂದಳು. ದನಿ ಬಹಳ ಸಣ್ಣಗಾಗಿದೆ, ಪಕ್ಕದ ಮಂಚದವರು ಬೇರೆ ಮಾತಾಡುತ್ತಿದ್ದರು. ನನಗೆ ತಿಳಿಯಲಿಲ್ಲ. ತಲೆಯಾಡಿಸಿಬಿಡುವುದು ಎಷ್ಟು ಸುಲಭ, ನೋಡು. ‘ಏನಂದೆ?’ ಎಂದೆ. ಮತ್ತೆ ಹೇಳಿದಳು. ಆಗಲೂ ತಿಳಿಯಲಿಲ್ಲ. ಪೆನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ಅವಳ ಬಾಯಿಯ ಹತ್ತಿರ ಬಗ್ಗಿ, ‘ಕೇಳಿಸ್ಲಿಲ್ಲ ಕಣೇ, ಇನ್ನೊಂದ್ಸಲ ಹೇಳು’ ಎಂದೆ.

ಅವಳಿಗೆ ನಗು ಬಂತು. ಮಾರ್ಚಿನಿಂದ ಈಚೆಗೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

‘ಅಯ್ಯೋ, ಏನಿಲ್ಲ. ಕಾಫಿ ಕುಡಿದ್ರಾ ಅಂದೆ.’

ಇಲ್ಲ, ಇನ್ನೂ ಕುಡಿದಿಲ್ಲ ಎಂದೆ.

ನಿನ್ನ ಅಪ್ಪ,
ಶಂಭುಲಿಂಗಪ್ಪ